ಬಿಳಿ ಕಾರಿನವಳ ನಮಸ್ಕಾರ

ಏಪ್ರಿಲ್ 9, ಬುಧವಾರ

ಒಂಬತ್ತು ವರ್ಷದ ಹಿಂದೆ ಕೆಳಗಿಟ್ಟ ಬಾವುಟವನ್ನು ಇವತ್ತು ಮತ್ತೆ ಕೈಗೆ ಕೊಟ್ಟಿದ್ದಾರೆ. ಆಗಿನದು ಪ್ರವಾಸಿ ಬಸ್ಸಿನ ಬಾವುಟ. ಮೂವತ್ತೊಂದು ವರ್ಷ ಅದನ್ನು ಎತ್ತಿ ಹಿಡಿದು, ಹಿಂದೆ ನಲವತ್ತು ಜನರನ್ನು ಕಟ್ಟಿಕೊಂಡು, ಬಿಸಿನೀರಿನ ಬುಗ್ಗೆಗಳನ್ನೂ ಜಲಪಾತಗಳನ್ನೂ ತೋರಿಸುತ್ತ ತಿರುಗಿದವಳು ನಾನು. ಈಗಿನದು ಹಳದಿ ಬಾವುಟ. ತೋಫು ಅಂಗಡಿಯ ಮುಂದಿನ ಜೀಬ್ರಾ ಪಟ್ಟೆಯ ಹತ್ತಿರ ಬೆಳಿಗ್ಗೆ ಏಳೂವರೆಯಿಂದ ಎಂಟರವರೆಗೆ ನಿಂತು ಶಾಲೆಯ ಮಕ್ಕಳನ್ನು ದಾಟಿಸಬೇಕು.

ತಾಯಂದಿರು ಸರದಿಯ ಮೇಲೆ ಮಾಡುತ್ತಿದ್ದ ಕೆಲಸ ಇದು. ಈಗ ಎಲ್ಲರೂ ಕೆಲಸಕ್ಕೆ ಹೋಗುವವರೇ. ಬೀದಿಯ ಸಂಘದ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಮೊಣಕಾಲನ್ನು ನೋಡಿಕೊಳ್ಳುತ್ತ ಕೂತಿದ್ದಾಗ ಅಧ್ಯಕ್ಷ ಹತಾನಾಕಾ ನನ್ನ ಕಡೆ ತಿರುಗಿ, ಬಾವುಟ ಹಿಡಿಯುವುದರಲ್ಲಿ ಮಿತ್ಸುಯೊ ಅವರನ್ನು ಮೀರಿಸಿದವರು ಯಾರಿದ್ದಾರೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ.

ಮೊದಲ ದಿನದ ಲೆಕ್ಕ: ಅರ್ಧ ಗಂಟೆಯಲ್ಲಿ ಎಂಬತ್ತಾರು ಕಾರು. ತಾನಾಗಿ ನಿಂತದ್ದು ಒಂಬತ್ತು. ಕೈಯಲ್ಲಿ ಫೋನ್ ಹಿಡಿದವರು ಹನ್ನೊಂದು. ಒಬ್ಬ ಗಡ್ಡ ಹೆರೆಯುತ್ತಿದ್ದ. ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಲು ಬಿಡಿಭಾಗದ ಕಾರ್ಖಾನೆಗೆ ಹೋಗುವವರೆಲ್ಲ ಈ ಇಕ್ಕಟ್ಟು ರಸ್ತೆಗೆ ನುಗ್ಗುತ್ತಾರೆ. ಪಕ್ಕದಲ್ಲಿ ಶಾಲೆ ಇದೆ ಎಂಬುದು ಅವರ ಗಡಿಯಾರಕ್ಕೆ ಗೊತ್ತಿಲ್ಲ.

ಒಂದನೇ ತರಗತಿಗೆ ಕೋಹರು ಎಂಬ ಹುಡುಗಿ ಹೊಸದಾಗಿ ಸೇರಿದ್ದಾಳೆ. ಹಿಂದಿನಿಂದ ನೋಡಿದರೆ ಬೆನ್ನಿನ ಚರ್ಮದ ಚೀಲ ಮತ್ತು ಹಳದಿ ಟೋಪಿ ಮಾತ್ರ ಕಾಣುತ್ತವೆ, ಹುಡುಗಿ ಕಾಣುವುದಿಲ್ಲ.

ಏಪ್ರಿಲ್ 11, ಶುಕ್ರವಾರ

ಮಕ್ಕಳು ಆಡಿನ ಮರಿಗಳ ಹಾಗೆ ನುಗ್ಗುತ್ತವೆ. ಸಾಲಿನ ಮುಂದಾಳು ಆರನೇ ತರಗತಿಯ ಚಿನಾತ್ಸು, ಪಾಪ, ಬಾಯಿ ನೋಯುವಷ್ಟು ಕೂಗುತ್ತಾಳೆ. ಸುಮ್ಮನೆ ನೋಡುತ್ತ ನಿಲ್ಲುವುದು ನನ್ನಿಂದಾಗುವುದಿಲ್ಲ. ಇವತ್ತು ಎಲ್ಲರನ್ನೂ ತೋಫು ಅಂಗಡಿಯ ಜಗುಲಿಯ ಮುಂದೆ ನಿಲ್ಲಿಸಿ ಪಾಠ ಮಾಡಿದೆ.

ಕೈ ಎತ್ತಬೇಕು. ಕಾರಿನವರ ಮುಖ ನೋಡಬೇಕು. ಅವರು ತಲೆ ಬಗ್ಗಿಸಿದರೆ, ನಿನ್ನನ್ನು ನೋಡಿದೆ, ದಾಟು ಎಂದು ಅರ್ಥ. ಆಗ ದಾಟಬೇಕು. ಆ ಕಡೆ ಹೋದ ಮೇಲೆ ತಿರುಗಿ, ಸೊಂಟದಿಂದ ಬಗ್ಗಿ, ನಮಸ್ಕಾರ ಮಾಡಬೇಕು. ಕತ್ತು ಅಲ್ಲಾಡಿಸಿದರೆ ನಮಸ್ಕಾರವಲ್ಲ. ಕೇಳದೆ ಬೇರೆಯವರ ಮನೆಯೊಳಗೆ ಹೇಗೆ ಹೋಗುವುದಿಲ್ಲವೋ ಹಾಗೆ, ಕೇಳದೆ ರಸ್ತೆಗೂ ಇಳಿಯಬಾರದು.

ಕೋಹರು ಎಲ್ಲರಿಗಿಂತ ಚೆನ್ನಾಗಿ ಕಲಿತಳು. ಅವಳ ನಮಸ್ಕಾರ ನೋಡಿ ಲಾರಿಯವನೊಬ್ಬ ನಕ್ಕು ತಾನೂ ಬಗ್ಗಿದ. ನಮ್ಮ ಹಳೆಯ ಬಸ್ ಕಂಪನಿಗೆ ಬಂದಿದ್ದರೆ ಮೊದಲ ವಾರದಲ್ಲೇ ಕೆಲಸ ಕಾಯಂ ಆಗುತ್ತಿತ್ತು.

ಏಪ್ರಿಲ್ 17, ಗುರುವಾರ

ಫೋನಿನವರು ಹದಿಮೂರು. ಫೋನ್ ಎತ್ತಿ ಹಿಡಿದವರನ್ನು ನಾನು ಒಂದು ಬಸ್ಸಿನಷ್ಟು ದೂರದಿಂದಲೇ ಕಂಡುಹಿಡಿಯುತ್ತೇನೆ. ಮೂವತ್ತೊಂದು ವರ್ಷ ಬಸ್ಸು ಹಿಂದಕ್ಕೆ ತೆಗೆಯುವಾಗ ಸೀಟಿ ಊದಿದವಳ ಕಣ್ಣು ಇದು.

ಇಷ್ಟು ಜನರಲ್ಲಿ ಸಭ್ಯಳೆಂದರೆ ಒಬ್ಬಳೇ. ಏಳು ನಲವತ್ತೆರಡಕ್ಕೆ ಬರುವ ಸಣ್ಣ ಬಿಳಿ ಕಾರಿನವಳು. ಮೂವತ್ತೈದರ ಆಸುಪಾಸು, ಕೂದಲು ಎತ್ತಿ ಕಟ್ಟಿರುತ್ತಾಳೆ. ಆ ಹೊತ್ತಿಗೆ ಮುಂದಿನ ತಿರುವಿನವರೆಗೂ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ಉಳಿದವರು ಗೊಣಗುತ್ತಾರೆ, ಹಾರ್ನ್ ಮುಟ್ಟುತ್ತಾರೆ. ಇವಳು ಪಟ್ಟೆಗೆ ಸರಿಯಾಗಿ ಹಿಂದೆ ನಿಲ್ಲಿಸಿ, ಮಕ್ಕಳು ದಾಟುವಷ್ಟು ಹೊತ್ತೂ ತಲೆ ಬಗ್ಗಿಸಿರುತ್ತಾಳೆ. ಅಷ್ಟು ಉದ್ದದ ನಮಸ್ಕಾರವನ್ನು ನಾನು ಈಚೆಗೆ ನೋಡಿಯೇ ಇಲ್ಲ. ನಾನೂ ಬಗ್ಗುತ್ತೇನೆ.

ಮನೆಯಲ್ಲಿ ತಂಗಿ ಫುಸಾಯೆಗೆ ಹೇಳಿದೆ. ಅವಳು ಕೆಳಗಿನ ಕೋಣೆಯಲ್ಲಿ ಹೆಂಗಸರ ಸಲೂನ್ ನಡೆಸುತ್ತಾಳೆ, ಮಾತಿನಲ್ಲೂ ಕತ್ತರಿ.

"ತಲೆ ಬಗ್ಗಿಸ್ದೋರೆಲ್ಲ ಸಭ್ಯರಾದ್ರೆ ಅಕ್ಕ, ತಲೆ ತೊಳೆಯೋ ನನ್ನ ಬೇಸಿನ್ ಮುಂದೆ ಬರೋರೆಲ್ಲ ಮಹಾ ಸಭ್ಯರೇ," ಎಂದಳು.

ಹುರಿದ ಮೀನು ತಣ್ಣಗಾಗುತ್ತಿತ್ತು. ಅದನ್ನು ತಿಂದು ಮುಗಿಸಿದೆ.

ಏಪ್ರಿಲ್ 22, ಮಂಗಳವಾರ

ಪುರಸಭೆಗೆ ಹೋಗಿದ್ದೆ. ಪಟ್ಟೆಯ ಹತ್ತಿರ ಒಂದು ಸಿಗ್ನಲ್ ಹಾಕಿ, ಆಗದಿದ್ದರೆ ಒಂದು ಹಂಪ್ ಆದರೂ ಹಾಕಿ ಎಂದು ಕೇಳಿದೆ. ನನ್ನ ಲೆಕ್ಕದ ಹಾಳೆಗಳನ್ನೂ ಇಟ್ಟೆ. ಅಧಿಕಾರಿ ಚಿಕ್ಕ ವಯಸ್ಸಿನವನು, ಒಂದು ಹಾಳೆಯನ್ನೂ ತಿರುವಲಿಲ್ಲ. ಕಂಪ್ಯೂಟರ್ ನೋಡಿ, ಆ ಜಾಗದಲ್ಲಿ ಈವರೆಗೆ ಅಪಘಾತ ಆದ ದಾಖಲೆಯೇ ಇಲ್ಲವಲ್ಲ ಎಂದ.

"ದಾಖಲೆ ಬೇಕಂದ್ರೆ ಒಂದು ಮಗುನ ಕಳಿಸ್ಬೇಕಾ ಸ್ವಾಮಿ?" ಎಂದು ಕೇಳಿದೆ.

ಅವನು ಎದ್ದು ನಿಂತು, ತುಂಬ ಚೆನ್ನಾಗಿ ಬಗ್ಗಿದ. ನಮ್ಮ ಕಡೆ 'ಆಗುವುದಿಲ್ಲ' ಎನ್ನುವುದನ್ನು ಬಗ್ಗಿ ಹೇಳಿದರೆ ಅಲ್ಲಿಗೆ ಮುಗಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಕ್ಕೆ ಬಸ್ ಚಾರ್ಜು ಬೇರೆ.

ಮೇ 8, ಗುರುವಾರ

ಸಾಲು ರಜೆ ಮುಗಿದು ಮತ್ತೆ ಅದೇ ಗೋಳು. ಶಾಲೆಯ ಗೇಟಿಗೇ ಕಾರು ತಂದು ಮಕ್ಕಳನ್ನು ಇಳಿಸುವ ತಾಯಂದಿರು ಇನ್ನೊಂದು ತಲೆನೋವು. ತಮ್ಮ ಮಗು ಸುರಕ್ಷಿತವಾಗಿ ಹೋಗಲಿ ಎಂದು ಬೇರೆಯವರ ಮಕ್ಕಳ ಮಧ್ಯೆ ಕಾರು ನುಗ್ಗಿಸುತ್ತಾರೆ. ಒಬ್ಬಳು ಕನ್ನಡಿಯಲ್ಲಿ ರೆಪ್ಪೆಗೆ ಕಪ್ಪು ಹಚ್ಚುತ್ತ ನನ್ನ ಬಾವುಟವನ್ನೇ ಸವರಿಕೊಂಡು ಹೋದಳು. ಬಾವುಟದ ಕೋಲು ಬಿರುಕು ಬಿಟ್ಟಿದೆ. ಹತಾನಾಕಾರನ್ನು ಹೊಸದು ಕೇಳಿದರೆ ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂದರು. ಕೋಲಿಗೂ ಸಭೆ!

ಮೇ 14, ಬುಧವಾರ

ಫೋನು ಹದಿನಾಲ್ಕು. ಬರೆಯಲೂ ಬೇಜಾರು.

ಮೇ 20, ಮಂಗಳವಾರ

ಕೋಹರು ಇವತ್ತು ಬೇಗ ಬಂದು ನನ್ನ ಪಕ್ಕ ನಿಂತಿದ್ದಳು. ಮೊದಲಿಗೆ ಮಾತೇ ಆಡುತ್ತಿರಲಿಲ್ಲ, ಈಗ ಬಾಯಿ ಮುಚ್ಚುವುದಿಲ್ಲ. ಬಿಳಿ ಕಾರಿನ ಆಂಟಿಗೆ ತನ್ನನ್ನು ಕಂಡರೆ ಇಷ್ಟ ಎಂದಳು.

"ಅವ್ರು ನಂಗಿಂತ ಮುಂಚೇನೇ ಬಗ್ತಾರೆ ಅಜ್ಜಿ. ನಾನು ಕೈ ಎತ್ತೋಕ್ಕೂ ಮುಂಚೆ."

ದೊಡ್ಡವರ ಸಂಸ್ಕಾರ ಎಂದರೆ ಅದೇ, ಕೇಳುವ ಮೊದಲೇ ಕೊಡುವುದು ಎಂದೆ. ಅವಳು ಕಾಲುಚೀಲ ಎಳೆದುಕೊಳ್ಳುತ್ತ, ಆದರೆ ನಾನು ನಮಸ್ಕಾರ ಮಾಡುವಾಗ ಮಾತ್ರ ಅವರು ನೋಡುವುದಿಲ್ಲ ಎಂದಳು. ಅಷ್ಟರಲ್ಲಿ ಸಾಲು ಬಂತು.

ಜೂನ್ 2, ಸೋಮವಾರ

ಕೋಹರುಗೆ ಕಾರು ಬಡಿಯಿತು. ಬದುಕಿದ್ದಾಳೆ.

ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಜೂನ್ 3, ಮಂಗಳವಾರ

ಬರೆಯುತ್ತೇನೆ.

ನಿನ್ನೆ ಕಾರ್ಖಾನೆಗೆ ಸಂಸ್ಥಾಪನಾ ದಿನದ ರಜೆ. ರಸ್ತೆ ಖಾಲಿ ಇತ್ತು. ಒಳ್ಳೆಯ ದಿನ ಎಂದುಕೊಂಡಿದ್ದೆ. ಊರ ಕಡೆಯಿಂದ ತೋಫು ಅಂಗಡಿಯ ವ್ಯಾನ್ ಬಂದು ನಿಂತಿತು. ಮಕ್ಕಳ ಸಾಲು ದಾಟಿತು. ಎಲ್ಲರೂ ದಾಟಿದರು ಎಂದುಕೊಂಡು ನಾನು ವ್ಯಾನಿನವನ ಕಡೆ ತಿರುಗಿ ಸೊಂಟದಿಂದ ಬಗ್ಗಿ ನಮಸ್ಕಾರ ಮಾಡಿದೆ. ಕೋಹರು ಕಾಲುಚೀಲ ಎಳೆದುಕೊಳ್ಳಲು ನಿಂತು ಹಿಂದೆ ಉಳಿದಿದ್ದಳು. ಇನ್ನೊಂದು ಕಡೆಯಿಂದ ಬಿಳಿ ಕಾರು ಬರುತ್ತಿತ್ತು. ಎಂದಿನ ಹಾಗೆ ಸಾಲಿನಲ್ಲಿ ನಿಂತಿರಲಿಲ್ಲ, ಓಡುತ್ತಿತ್ತು. ಸದ್ದು ಕೇಳಿದಾಗ ನನಗೆ ಕಾಣುತ್ತಿದ್ದದ್ದು ನನ್ನ ಬೂಟುಗಳು ಮಾತ್ರ.

ಬೆನ್ನಿನ ಚೀಲ ಪೆಟ್ಟು ತಿಂದದ್ದರಿಂದ ಮಗು ಉಳಿಯಿತು. ಎಡಗೈ ಮಣಿಕಟ್ಟು ಮುರಿದಿದೆ, ಗಲ್ಲ ತರಚಿದೆ. ಕಾರಿನವಳು ರಸ್ತೆಯ ಮೇಲೇ ಕುಸಿದು ಕೂತಳು. ತೆರೆದ ಬಾಗಿಲಿನಿಂದ ಅವಳ ಫೋನ್ ಕೆಳಗೆ ಬಿತ್ತು. ಅದು ತೊಡೆಯ ಮೇಲಿತ್ತಂತೆ. ಹೆಸರು ಒಕಾಬೆ. ಮುದುಕರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸ. ಮುದುಕರನ್ನು ಕರೆತರಲು ಇವತ್ತು ಮೊದಲು ಯಾರ ಮನೆಗೆ, ಆಮೇಲೆ ಯಾರ ಮನೆಗೆ ಎಂದು ಪ್ರತಿದಿನ ಬೆಳಿಗ್ಗೆ ಆ ಹೊತ್ತಿಗೇ ಸಂದೇಶ ಬರುತ್ತದಂತೆ.

ಪ್ರತಿದಿನ. ಏಳು ನಲವತ್ತೆರಡಕ್ಕೆ.

ಅವಳು ಒಂದು ದಿನವೂ ನಮಗೆ ನಮಸ್ಕಾರ ಮಾಡಿರಲಿಲ್ಲ.

ಪೊಲೀಸಿನವರು ಆಂಬುಲೆನ್ಸ್ ಬಾಗಿಲಲ್ಲಿ ಬಗ್ಗಿ, ಕಾರು ಬರುತ್ತಿದ್ದರೂ ಯಾಕೆ ಇಳಿದೆ ಪುಟ್ಟಿ ಎಂದು ಕೇಳಿದರು. ಮಗು ಅಳುತ್ತಿರಲಿಲ್ಲ.

"ಆಂಟಿ ತಲೆ ಬಗ್ಗಿಸಿದ್ರು," ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಆದರೂ ಬರೆದುಕೊಂಡರು. ನಾನು ಎರಡು ಹೆಜ್ಜೆ ದೂರದಲ್ಲಿ ಬಾವುಟ ಹಿಡಿದು ನಿಂತಿದ್ದೆ. ನನಗೆ ಅರ್ಥವಾಗಿತ್ತು. ಬಾಯಿ ಬಿಡಲಿಲ್ಲ.

ಜೂನ್ 5, ಗುರುವಾರ

ಪುರಸಭೆಯ ಅದೇ ಹುಡುಗ ಅಳತೆಯ ಟೇಪು ಹಿಡಿದು ಬಂದಿದ್ದ. ಜೊತೆಗೆ ನಾಲ್ಕು ಜನ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ದಾಖಲೆ ಸಿಕ್ಕಿತಲ್ಲ ಎಂದೆ. ಅವನು ಬಗ್ಗಿದ. ಬಗ್ಗಬೇಡಿ ಎಂದು ಕೂಗಿಬಿಟ್ಟೆ. ತೋಫು ಅಂಗಡಿಯವಳು ಹೊರಗೆ ಬಂದು ನೋಡಿದಳು.

ಹತಾನಾಕಾ ಕೆಂಪು ಅವರೆಯ ಹೂರಣದ ಸಿಹಿ ಪೊಟ್ಟಣ ತಂದುಕೊಟ್ಟರು. ನೀವು ಮೊದಲೇ ಎಚ್ಚರಿಸಿದ್ದಿರಿ, ಯಾರೂ ಕೇಳಲಿಲ್ಲ ಎಂದರು. ಬೀದಿಯವರೆಲ್ಲ ಹಾಗೇ ಹೇಳುತ್ತಿದ್ದಾರೆ. ಹೌದು, ಎಚ್ಚರಿಸಿದ್ದೆ. ತಪ್ಪು ಆ ಒಕಾಬೆಯದು. ತೊಡೆಯ ಮೇಲೆ ಫೋನ್ ಇಟ್ಟುಕೊಂಡು ಶಾಲೆಯ ಮುಂದೆ ಕಾರು ಓಡಿಸಿದ್ದು ಅವಳು. ತಪ್ಪು ಅವಳದೇ. ಪೂರ್ತಿ ಅವಳದೇ.

ಊಟದ ಹೊತ್ತಿನಲ್ಲಿಯೂ ಇದನ್ನೇ ಹೇಳುತ್ತಿದ್ದೆನಂತೆ. ಫುಸಾಯೆ ಬಟ್ಟಲು ಕೆಳಗಿಟ್ಟಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಿದ್ನಂತೆ. ಯಾರಾದ್ರೂ ನಿಂದು ತಪ್ಪು ಅಂದ್ರಾ ಅಕ್ಕ?"

ಯಾರೂ ಅಂದಿಲ್ಲ. ಅದೇ ತಾನೆ ತೊಂದರೆ.

ಜೂನ್ 9, ಸೋಮವಾರ

ಕೋಹರು ಇನ್ನೂ ಶಾಲೆಗೆ ಬಂದಿಲ್ಲ. ಕೈ ನೋವಿಗಲ್ಲ, ವೈದ್ಯರು ಹೋಗಬಹುದು ಎಂದಿದ್ದಾರಂತೆ. ಮನೆಯ ಬಾಗಿಲವರೆಗೆ ಬಂದು ಬೂಟು ಹಾಕಿಕೊಂಡು ಅಲ್ಲೇ ಕೂತುಬಿಡುತ್ತಾಳಂತೆ. ಚಿನಾತ್ಸು ದಿನವೂ ಹೋಗಿ ಕರೆಯುತ್ತಾಳೆ. ಇವತ್ತು ಸಾಲನ್ನು ದಾಟಿಸಿ, ತಾನೊಬ್ಬಳೇ ಹಿಂದಕ್ಕೆ ಬಂದು ನನ್ನ ಮುಂದೆ ನಿಂತಳು.

"ಅಜ್ಜಿ, ಕೋಹರು ಒಂದು ಪ್ರಶ್ನೆ ಕೇಳಿ ಬಾ ಅಂದ್ಳು. ನೀವು ಹೇಳ್ಕೊಟ್ಟ ಹಾಗೇ ಮಾಡಿದ್ಲಂತೆ. ಕೈ ಎತ್ತಿದ್ಲಂತೆ, ಮುಖ ನೋಡಿದ್ಲಂತೆ, ಅವ್ರು ಬಗ್ಗಿದ ಮೇಲೇ ಇಳಿದ್ಲಂತೆ. ಹಾಗಾದ್ರೆ ತಾನು ಎಲ್ಲಿ ತಪ್ಪು ಮಾಡ್ದೆ ಅಂತ ಕೇಳ್ತಾಳೆ."

ನಾಳೆ ಹೇಳುತ್ತೇನೆ ಎಂದೆ.

ಜೂನ್ 10, ಮಂಗಳವಾರ

ಹೇಳಲಿಲ್ಲ. ಚಿನಾತ್ಸು ನನ್ನನ್ನು ನೋಡಿದಳು, ನಾನು ಕಾರುಗಳನ್ನು ನೋಡಿದೆ.

ಜೂನ್ 12, ಗುರುವಾರ

ಶಾಲೆಯಲ್ಲಿ ಪೋಷಕರ ಸಭೆ. ಮುಖ್ಯೋಪಾಧ್ಯಾಯರು ಬಗ್ಗಿದರು, ಪುರಸಭೆಯವರು ಬಗ್ಗಿದರು, ಮುದುಕರ ಕೇಂದ್ರದ ಮಾಲೀಕರು ಎಲ್ಲರಿಗಿಂತ ಹೆಚ್ಚು ಹೊತ್ತು ಬಗ್ಗಿದರು. ಮುಂದಿನ ವರ್ಷದ ಯೋಜನೆಯಲ್ಲಿ ಸಿಗ್ನಲ್ ಬಗ್ಗೆ ಪರಿಶೀಲಿಸುತ್ತಾರಂತೆ. ಅಲ್ಲಿಯವರೆಗೆ 'ನಿಧಾನ' ಎಂಬ ಫಲಕ. ಓದುವವರು ಯಾರು, ಫೋನಿನಿಂದ ತಲೆ ಎತ್ತಿದರೆ ತಾನೆ?

ಕೊನೆಗೆ ನನಗೆ ಎರಡು ಮಾತು ಹೇಳಲು ಕರೆದರು. ಎದ್ದು ನಿಂತೆ. ನಲವತ್ತು ಜನರ ಮುಂದೆ ಮಾತಾಡುವುದು ನನಗೆ ಹೊಸದಲ್ಲ. ಕಾರಿನವರು ತಲೆ ಬಗ್ಗಿಸಿದರೆ ದಾಟಬಹುದು ಎಂದು ಮಕ್ಕಳಿಗೆ ಕಲಿಸಿದವಳು ನಾನು ಎಂದೆ. ಆ ಮಗು ನಾನು ಹೇಳಿದ್ದನ್ನೇ ಮಾಡಿತು. ಆ ಹೊತ್ತಿನಲ್ಲಿ ನಾನೂ ತಲೆ ಬಗ್ಗಿಸಿದ್ದೆ, ಅದಕ್ಕೇ ನೋಡಲಿಲ್ಲ. ಕಾರಿನವಳ ತಪ್ಪು ಕಾರಿನವಳದು, ನನ್ನದು ನನ್ನದು.

ಕೂಡಲೇ ಎಲ್ಲ ಕಡೆಯಿಂದ ಸಮಾಧಾನ ಶುರುವಾಯಿತು. ಹಾಗೇನಿಲ್ಲ, ನೀವು ಒಳ್ಳೆಯದನ್ನೇ ಕಲಿಸಿದಿರಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹತಾನಾಕಾ ಮತ್ತೆ ಚಪ್ಪಾಳೆ ತಟ್ಟಿಸಿದರು. ಎಲ್ಲರೂ ಬಗ್ಗಿದರು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ನಿಜ ಹೇಳಿದರೂ ಇವರು ಕೇಳಿಸಿಕೊಳ್ಳದಷ್ಟು ಸಭ್ಯರು.

ಬಗ್ಗದೆ ನಿಂತಿದ್ದವಳು ಕೋಹರುವಿನ ತಾಯಿ ಒಬ್ಬಳೇ. ನನ್ನನ್ನೇ ನೋಡುತ್ತಿದ್ದಳು. ಹೊರಗೆ ಬಂದಾಗ ಬೂಟಿನ ಕಪಾಟಿನ ಹತ್ತಿರ ತಡೆದಳು.

"ಇದನ್ನ ನಮಗ್ಯಾಕೆ ಹೇಳ್ತೀರಿ? ಅವಳಿಗೆ ಹೇಳಿ."

ಜೂನ್ 14, ಶನಿವಾರ

ಹೋದೆ.

ಮಗು ಬಾಗಿಲ ಮೆಟ್ಟಿಲ ಮೇಲೆ ಕೂತಿತ್ತು. ಕಟ್ಟು ಹಾಕಿದ ಕೈ ಕುತ್ತಿಗೆಯಿಂದ ಇಳಿಬಿದ್ದಿತ್ತು. ಪಕ್ಕದಲ್ಲಿ ಕೂತೆ. ಮೊಣಕಾಲು ಲಟಕ್ ಅಂದದ್ದಕ್ಕೆ ಅವಳು ತಿರುಗಿ ನೋಡಿದಳು.

"ನೀನು ಎಲ್ಲೂ ತಪ್ಪು ಮಾಡ್ಲಿಲ್ಲ ಕಣೇ. ನಾನೇ ತಪ್ಪು ಹೇಳ್ಕೊಟ್ಟೆ," ಎಂದೆ.

ಅವಳು ಹಾಗೇನಿಲ್ಲ ಅಜ್ಜಿ ಎನ್ನಲಿಲ್ಲ. ಅದೊಂದು ಪುಣ್ಯ.

"ದೊಡ್ಡೋರೂ ತಪ್ಪು ಹೇಳ್ಕೊಡ್ತಾರಾ?"

"ಹೂಂ. ಬಾವುಟ ಹಿಡ್ಕೊಂಡೂ ಹೇಳ್ಕೊಡ್ತಾರೆ."

"ಹಾಗಾದ್ರೆ ಎಲ್ಲಿ ನೋಡ್ಬೇಕು? ಮುಖ ನೋಡ್ಬಾರ್ದಾ?"

ಇದಕ್ಕೆ ಉತ್ತರ ತಯಾರಿ ಮಾಡಿಕೊಂಡೇ ಹೋಗಿದ್ದೆ. ಮುಖ ಸುಳ್ಳು ಹೇಳಬಹುದು, ಕೈ ಸುಳ್ಳು ಹೇಳಬಹುದು, ಚಕ್ರ ಹೇಳುವುದಿಲ್ಲ. ಚಕ್ರ ನಿಂತರೆ ಕಾರು ನಿಂತಿದೆ. ಅಷ್ಟೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಓಣಿಯಲ್ಲಿ ಹೋಗುವ ಕಾರುಗಳ ಚಕ್ರ ನೋಡಿದೆವು. ತಾಯಿ ಬಾರ್ಲಿ ಚಹಾ ತಂದಿಟ್ಟು ಒಳಗೆ ಹೋದಳು. ಐದನೆಯದೋ ಆರನೆಯದೋ ಕಾರು ಎದುರು ಮನೆಯ ಮುಂದೆ ನಿಂತಾಗ ಕೋಹರು ಎದ್ದು ನಿಂತಳು.

"ಅಜ್ಜಿ, ಒಳಗೆ ಹೂವಿದೆ. ತಿರುಗ್ವಾಗ ಕಾಣಲ್ಲ. ನಿಂತ್ರೆ ಎಸಳು ಎಣಿಸ್ಬಹುದು."

ಚಕ್ರದ ಮುಚ್ಚಳದ ವಿನ್ಯಾಸ. ಮೂವತ್ತೊಂದು ವರ್ಷ ಬಸ್ಸಿನ ಪಕ್ಕ ನಿಂತವಳಿಗೆ ಒಮ್ಮೆಯೂ ಅದು ಹೂವಾಗಿ ಕಂಡಿರಲಿಲ್ಲ.

ಜೂನ್ 18, ಬುಧವಾರ

ಮಳೆಗಾಲ ಶುರುವಾಗಿದೆ. ಮಕ್ಕಳೆಲ್ಲರಿಗೂ ಹಳೆಯ ಪಾಠ ಅಳಿಸಿ ಹೊಸದು ಹೇಳುತ್ತಿದ್ದೇನೆ. ಕಲಿಸುವುದಕ್ಕಿಂತ ಮರೆಸುವುದು ಕಷ್ಟ.

ಒಕಾಬೆ ಇವತ್ತು ನಡೆದುಕೊಂಡು ಹೋದಳು. ಅವಳ ಲೈಸೆನ್ಸ್ ಹೋಗಿದೆಯಂತೆ. ಕೇಂದ್ರದಲ್ಲಿ ಅಡುಗೆಮನೆಗೆ ಹಾಕಿದ್ದಾರಂತೆ, ಸಲೂನಿನ ಸುದ್ದಿ. ರಸ್ತೆಯ ಆಚೆ ಕೊಡೆ ಮಡಿಸಿ, ಮಳೆಯಲ್ಲೇ ನಿಂತು, ನನ್ನ ಕಡೆ ಬಗ್ಗಿದಳು. ಅವಳು ನನಗೆ ನಿಜವಾಗಿ ನಮಸ್ಕಾರ ಮಾಡಿದ್ದು ಇದೇ ಮೊದಲು. ನನಗೆ ಅವಳ ಮೇಲೆ ಇನ್ನೂ ಸಿಟ್ಟಿದೆ. ಆದರೂ, ಕೊಡೆ ಬಿಚ್ಚಿ, ನೆನೆಯುತ್ತೀರಿ ಎಂದು ಕೂಗಿದೆ.

ಜೂನ್ 23, ಸೋಮವಾರ

ಕೋಹರು ಬಂದಳು.

ಚಿನಾತ್ಸು ಅವಳ ಒಳ್ಳೆಯ ಕೈ ಹಿಡಿದಿದ್ದಳು. ಚೀಲವನ್ನು ಇನ್ನೊಬ್ಬ ಹುಡುಗಿ ಹೊತ್ತಿದ್ದಳು. ಪಟ್ಟೆಯ ಹತ್ತಿರ ಬಂದು ಕೋಹರು ಕೈ ಬಿಡಿಸಿಕೊಂಡು ಮುಂದೆ ನಿಂತಳು. ಇಡೀ ಸಾಲು ಅವಳ ಹಿಂದೆ ನಿಂತಿತು. ನಾನು ಬಾವುಟ ಚಾಚಿದೆ. ಒಂದು ಬೂದು ಬಣ್ಣದ ಕಾರು ನಿಧಾನ ಮಾಡಿತು, ಪೂರ್ತಿ ನಿಲ್ಲಲಿಲ್ಲ. ಒಳಗಿದ್ದವನು ತಲೆ ಬಗ್ಗಿಸಿದ, ಆಮೇಲೆ ಕೈಯಾಡಿಸಿದ, ಹೋಗು ಹೋಗು ಎಂದು. ಕೋಹರು ಅಲುಗಲಿಲ್ಲ. ಅವನ ಮುಖವನ್ನೇ ನೋಡಲಿಲ್ಲ. ಕತ್ತು ಬಾಗಿಸಿ ಚಕ್ರ ನೋಡುತ್ತಿದ್ದಳು. ಹಿಂದಿನವನು ಹಾರ್ನ್ ಹೊಡೆದ. ಅವನ ಹಿಂದಿನವನೂ ಹೊಡೆದ. ಅಷ್ಟು ಸಣ್ಣ ಹುಡುಗಿ ಕಾರ್ಖಾನೆಯ ಅರ್ಧ ಪಾಳಿಯನ್ನು ರಸ್ತೆಯಲ್ಲಿ ನಿಲ್ಲಿಸಿಕೊಂಡಿದ್ದಳು. ಕಡೆಗೆ ಬೂದು ಕಾರಿನವನು ಸಿಟ್ಟಿನಿಂದ ಬ್ರೇಕ್ ಒತ್ತಿದ.

"ಒಂದು, ಎರಡು, ಮೂರು, ನಾಲ್ಕು, ಐದು," ಎಂದು ಎಸಳು ಎಣಿಸಿ ಇಳಿದಳು. ಸಾಲು ಅವಳ ಹಿಂದೆ ಇಳಿಯಿತು.

ಆಚೆ ಹೋದ ಮೇಲೆ ಅವಳು ನಮಸ್ಕಾರ ಮಾಡಲಿಲ್ಲ. ತಿರುಗಿ, ಎಲ್ಲರೂ ಬಂದರೇ ಎಂದು ಸಾಲನ್ನು ನೋಡಿದಳು. ಇಂಥ ಒರಟು ಮಗುವನ್ನು ನೋಡಿ ನನಗೆ ಇಷ್ಟು ಸಂತೋಷವಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಕಣ್ಣು ಮಂಜಾಯಿತು. ಅಭ್ಯಾಸ ಎಲ್ಲಿ ಬಿಡುತ್ತದೆ, ಕಾಯಿಸಿದ್ದಕ್ಕೆ ಕ್ಷಮಿಸಿ ಎಂದು ಬೂದು ಕಾರಿನವನಿಗೆ ಸೊಂಟದಿಂದ ಬಗ್ಗಿಬಿಟ್ಟೆ.

ಮನೆಗೆ ಬಂದ ಮೇಲೆ ನೆನಪಾಯಿತು, ಇವತ್ತು ಫೋನಿನವರನ್ನು ಎಣಿಸಲೇ ಇಲ್ಲ. ಹೋಗಲಿ.

ಬಗ್ಗಿದ್ದೆನಲ್ಲ, ಆಗ ರಸ್ತೆಯ ಆಚೆಯಿಂದ ಸಣ್ಣ ದನಿ ಕೇಳಿಸಿತು.

"ಅಜ್ಜಿ, ತಲೆ ಎತ್ತಿ. ಈ ಕಡೆಯಿಂದ ಇನ್ನೊಂದು ಬರ್ತಾ ಇದೆ."

ಎತ್ತಿದೆ. ನಿಜವಾಗಿಯೂ ಬರುತ್ತಿತ್ತು.